ಮಗ ಔಟಾದರೆ ಅಪ್ಪ ಊಟ ಬಿಡುವುದು ಯಾಕೆ?

ಮೈದಾನದ ಮಾತು: ಓದುಗರ ಪ್ರಶ್ನೆ, ಮಾಸ್ತರರ ಉತ್ತರ

ಧಾರವಾಡ, ಗದಗ ಕಡೆಯ ಶಾಲೆಗಳಲ್ಲಿ 31 ವರ್ಷ ದೈಹಿಕ ಶಿಕ್ಷಕನಾಗಿದ್ದೆ. ಮಕ್ಕಳು ಡ್ರಿಲ್ ಮಾಸ್ತರ್ ಅಂತಲೇ ಕರೆದರು, ಈಗಲೂ ಹಾಗೇ ಕರೆಯುತ್ತಾರೆ. ಈ ಅಂಕಣಕ್ಕೆ ಸಾಮಾನ್ಯವಾಗಿ ಯಾವ ಶೂ ಕೊಡಿಸಬೇಕು, ಯಾವ ಶಿಬಿರಕ್ಕೆ ಹಾಕಬೇಕು, ದಿನಾ ಎಷ್ಟು ಮೊಟ್ಟೆ ತಿನ್ನಿಸಬೇಕು ಅಂತ ಕೇಳುತ್ತೀರಿ. ಬೇಸಿಗೆ ಶಿಬಿರಗಳು ಮುಗಿದ ಮೇಲೆ ಬಂದ ಪತ್ರಗಳು ಮಾತ್ರ ಬೇರೆ ಥರ ಇವೆ. ಮಕ್ಕಳ ಆಟದ ಬಗ್ಗೆ ಬರೆದ ಹಾಗೆ ಕಾಣುತ್ತವೆ, ಆದರೆ ಓದುತ್ತಾ ಹೋದರೆ ಎಲ್ಲದರಲ್ಲೂ ಇರುವುದು ದೊಡ್ಡವರ ಸಂಕಟ. ಅದಕ್ಕೇ ಈ ಸಲ ಬೇರೆ ಎಲ್ಲಾ ಪ್ರಶ್ನೆ ಪಕ್ಕಕ್ಕಿಟ್ಟು ಇವನ್ನೇ ತೆಗೆದುಕೊಂಡಿದ್ದೇನೆ.

ಪ್ರಶ್ನೆ: ಸರ್, ನನ್ನ ಮಗನಿಗೆ 12 ವರ್ಷ. ಎರಡು ವರ್ಷದಿಂದ ಕ್ರಿಕೆಟ್ ಕೋಚಿಂಗ್‌ಗೆ ಹೋಗುತ್ತಿದ್ದಾನೆ. ಚೆನ್ನಾಗಿ ಆಡುತ್ತಾನೆ ಅಂತ ಕೋಚ್ ಹೇಳುತ್ತಾರೆ. ತೊಂದರೆ ನಮ್ಮ ಮನೆಯವರದು. ಮ್ಯಾಚ್ ದಿನ ಅಂಗಡಿ ಬಂದ್ ಮಾಡಿ ಹೋಗಿ, ಬೌಂಡರಿ ಗೆರೆ ಹತ್ತಿರ ನಿಂತು ಪ್ರತಿ ಬಾಲಿಗೂ ಕೂಗುತ್ತಾರೆ. ಹೋದ ತಿಂಗಳು ಮಗ 3 ರನ್ನಿಗೆ ಔಟಾದ. ಇವರು ಆ ರಾತ್ರಿ ಊಟ ಮಾಡಲಿಲ್ಲ, ಎರಡು ದಿನ ಅವನ ಜೊತೆ ಮಾತಾಡಲಿಲ್ಲ. ಈಗ ಮ್ಯಾಚ್ ಇದ್ದ ದಿನ ಬೆಳಿಗ್ಗೆ ಅವನಿಗೆ ಹೊಟ್ಟೆನೋವು, ಒಂದೆರಡು ಸಲ ವಾಂತಿನೂ ಆಯ್ತು. ಹೇಳಿದರೆ, ‘ಸುನಿಲ್ ಜೋಶಿ ಗದಗದಿಂದ ಹುಬ್ಬಳ್ಳಿಗೆ ಬಂದು ಪ್ರಾಕ್ಟೀಸ್ ಮಾಡ್ತಿದ್ರು, ಇವನ್ನ ಬೈಕ್ ಮ್ಯಾಲೆ ಕರಕೊಂಡು ಹೋದ್ರೂ ಹೊಟ್ಟಿನೋವು ಅಂತಾನ’ ಅನ್ನುತ್ತಾರೆ. ನಾನೇನು ಮಾಡಲಿ?
– ಹೆಸರು ಬೇಡ, ವಿದ್ಯಾನಗರ, ಹುಬ್ಬಳ್ಳಿ

ಉತ್ತರ: ತಂಗಿ, ಮೊದಲು ಹೊಟ್ಟೆನೋವು. ಮಕ್ಕಳ ಡಾಕ್ಟರಿಗೆ ಒಮ್ಮೆ ತೋರಿಸಿ. ಜಂತು, ಸೋಂಕು ಅಂಥದ್ದೇನೂ ಇಲ್ಲ ಅಂತ ಅವರು ಹೇಳಿದರೂ ‘ಹಾಗಾದರೆ ನಾಟಕ’ ಅನ್ನುವ ತೀರ್ಮಾನಕ್ಕೆ ಬರಬೇಡಿ. ಆ ನೋವು ನಿಜ. ಹೆದರಿದಾಗ ಮೈ ಓಡಿಹೋಗಲು ತಯಾರಾಗುತ್ತದೆ, ರಕ್ತ ಕೈಕಾಲಿನ ಕಡೆ ಜಾಸ್ತಿ ಹರಿಯುತ್ತದೆ, ಹೊಟ್ಟೆಯ ಕೆಲಸ ನಿಧಾನವಾಗುತ್ತದೆ, ತಿಂದ ಅವಲಕ್ಕಿ ಮೇಲೆ ಬರುತ್ತದೆ. ಒಂದು ವಿಷಯ ಗಮನಿಸಿ. ಬರೀ ನೆಟ್ಸ್ ಪ್ರಾಕ್ಟೀಸ್ ಇರುವ ದಿನ ಅವನಿಗೆ ಹೊಟ್ಟೆನೋವು ಬರುತ್ತದಾ? ಅಪ್ಪ ಊರಲ್ಲಿಲ್ಲದ ದಿನ ಮ್ಯಾಚ್ ಇದ್ದರೆ ಬರುತ್ತದಾ? ಬರಲ್ಲ ಅಂತಾದರೆ ಹುಡುಗ ಲೆದರ್ ಬಾಲಿಗೆ ಹೆದರಿಲ್ಲ.

ಉಳಿದದ್ದನ್ನು ನಿಮ್ಮ ಮನೆಯವರಿಗೇ ಬರೆಯುತ್ತೇನೆ. ಈ ಪುಟ ಅವರ ಮುಂದೆ ಇಡಿ.

ಅಣ್ಣಾರೆ, ನಿಮ್ಮ ಪ್ರೀತಿಯ ಮೇಲೆ ನನಗೆ ಅನುಮಾನವಿಲ್ಲ. ವ್ಯಾಪಾರ ಬಿಟ್ಟು ಹುಬ್ಬಳ್ಳಿ ಬಿಸಿಲಲ್ಲಿ ಇಡೀ ದಿನ ನಿಲ್ಲುವುದು ಸಣ್ಣ ಮಾತಲ್ಲ. ನೆಹರೂ ಮೈದಾನದಲ್ಲಿ, ರಾಜನಗರದ ಕೆಎಸ್‌ಸಿಎ ಮೈದಾನದಲ್ಲಿ ನಿಮ್ಮಂಥ ಎಷ್ಟೋ ಅಪ್ಪಂದಿರ ಪಕ್ಕ ಕೂತಿದ್ದೇನೆ. ಅವರ ಬಾಯಲ್ಲಿ ಬರುವ ಒಂದು ಪದವನ್ನು ನಾನು ಕಿವಿಗೊಟ್ಟು ಕೇಳುತ್ತೇನೆ. ‘ನಿನ್ನೆ ನಾವು 42 ಹೊಡದ್ವಿ’, ‘ನಮಗ ಅಂಪೈರ್ ಮೋಸ ಮಾಡಿದ’, ‘ಈ ವರ್ಷ ನಾವು ಝೋನ್ ಟೀಮಿಗೆ ಬಂದೇ ಬರ್ತೀವಿ’. ಬ್ಯಾಟು ಹಿಡಿದದ್ದು ಹುಡುಗ, ಆದರೂ ‘ನಾವು’. ಅದೇ ಅವನು ಸೊನ್ನೆಗೆ ಔಟಾಗಲಿ, ಆ ‘ನಾವು’ ಎಲ್ಲೋ ಹೋಗಿಬಿಡುತ್ತದೆ. ‘ಇವಾ ಏನೂ ಆಡ್ಲಿಲ್ರೀ’ ಅನ್ನುತ್ತಾರೆ. 12 ವರ್ಷದ ಮಗುವಿಗೆ ಈ ಲೆಕ್ಕ ಚೆನ್ನಾಗಿ ತಿಳಿಯುತ್ತದೆ. ರನ್ ಬಂದರೆ ನಾನು ಅಪ್ಪನ ಮಗ, ಬರದಿದ್ದರೆ ನಾನು ಒಬ್ಬನೇ. ನೀವು ಎರಡು ದಿನ ಮಾತು ಬಿಟ್ಟಾಗ ಅವನಿಗೆ ಅರ್ಥವಾದದ್ದು ಇಷ್ಟೇ. ನಿಮ್ಮ ಮನಸ್ಸಿನಲ್ಲಿ ಇದ್ದದ್ದು ಇದಲ್ಲ ಅಂತ ನನಗೆ ಗೊತ್ತು. ಅವನಿಗೆ ಗೊತ್ತಿಲ್ಲ.

ಕೂಗುವ ವಿಷಯಕ್ಕೆ ಬರೋಣ. ಪಿಚ್ 22 ಗಜ. ಬೌಲರ್ ಕೈಯಿಂದ ಬಿಟ್ಟ ಬಾಲು ಬ್ಯಾಟಿನ ಹತ್ತಿರ ಬರಲು ಒಂದು ಸೆಕೆಂಡೂ ಹಿಡಿಯಲ್ಲ. ಅಷ್ಟರಲ್ಲಿ ಅವನು ಬೌಲರನ ಕೈ ನೋಡಬೇಕು, ಬಾಲು ಎಲ್ಲಿ ಬೀಳುತ್ತದೆ ಅಂತ ಅಂದಾಜು ಮಾಡಬೇಕು, ಕಾಲು ಎತ್ತಿಡಬೇಕು. ಆ ಹೊತ್ತಿಗೆ ಗೆರೆಯಿಂದ ‘ಕಾಲು ಮುಂದ ಇಡಲೇ’ ಅಂತ ಬಂದರೆ ಅದು ಅವನ ಕಾಲಿಗೆ ಹೋಗಲ್ಲ, ಎದೆಗೆ ಹೋಗುತ್ತದೆ. ಕೋಚ್ ಒಂದು ಹೇಳಿರುತ್ತಾರೆ, ನೀವು ಇನ್ನೊಂದು ಹೇಳುತ್ತೀರಿ. ನಡುವೆ ಅವನು ಏನು ಮಾಡಬೇಕು ಹೇಳಿ?

ಇನ್ನು ಜೋಶಿಯವರ ಕಥೆ. ಅದು ನಮ್ಮ ನಾಡಿನ ಹೆಮ್ಮೆ, ನಾನೂ ನೂರು ಸಲ ಮಕ್ಕಳಿಗೆ ಹೇಳಿದ್ದೇನೆ. ಬೆಳಗಾಗುವ ಮೊದಲೇ ಗದಗದಿಂದ ಹುಬ್ಬಳ್ಳಿಗೆ ಬಂದು, ಪ್ರಾಕ್ಟೀಸ್ ಮುಗಿಸಿ, ಶಾಲೆ ಹೊತ್ತಿಗೆ ಮತ್ತೆ ಗದಗ ಮುಟ್ಟುತ್ತಿದ್ದ ಹುಡುಗ. ಆದರೆ ಕಥೆಯ ಉಳಿದ ಭಾಗವನ್ನೂ ನೋಡಿ. ಅವರು ಭಾರತಕ್ಕೆ ಮೊದಲ ಟೆಸ್ಟ್ ಆಡಿದ್ದು 1996ರಲ್ಲಿ, 26ನೇ ವಯಸ್ಸಿಗೆ. ನೈರೋಬಿಯಲ್ಲಿ ದಕ್ಷಿಣ ಆಫ್ರಿಕಾ ವಿರುದ್ಧ 10 ಓವರಿನಲ್ಲಿ ಬರೀ 6 ರನ್ ಕೊಟ್ಟು 5 ವಿಕೆಟ್ ತೆಗೆದದ್ದು 1999ರಲ್ಲಿ. ನಿಮ್ಮ ಮಗನಿಗೆ ಈಗ 12. ಆ ಲೆಕ್ಕದಲ್ಲಿ ಇನ್ನೂ 14 ವರ್ಷ ಇದೆ. ಅಷ್ಟು ದೂರ ಹೋಗುವ ಹುಡುಗನನ್ನು ಹೋದ ತಿಂಗಳ 3 ರನ್ನಿನ ಮೇಲೆ ತೂಗಿದರೆ ಹೇಗೆ? ಅಷ್ಟು ವರ್ಷ ಬೆಳಿಗ್ಗೆ ಏಳಬೇಕೆಂದರೆ ಆಟದ ಮೇಲೆ ಆಸೆ ಇರಬೇಕು. ಹೊಟ್ಟೆನೋವಿನಿಂದ ಏಳುವ ಹುಡುಗನಲ್ಲಿ ಆ ಆಸೆ ಎಷ್ಟು ದಿನ ಉಳಿಯುತ್ತದೆ?

ಮುಂದಿನ ಮ್ಯಾಚಿಗೆ ಹೀಗೆ ಮಾಡಿ ನೋಡಿ. ಹೋಗಿ, ಆದರೆ ಗೆರೆ ಹತ್ತಿರ ನಿಲ್ಲಬೇಡಿ. ಮರದ ನೆರಳಲ್ಲಿ, ಬೇರೆ ಅಪ್ಪಂದಿರ ಜೊತೆ ಕೂತುಕೊಳ್ಳಿ. ಚಪ್ಪಾಳೆ ತಟ್ಟಿ, ಬೇರೆ ಮನೆಯ ಹುಡುಗ ಹೊಡೆದರೂ ತಟ್ಟಿ. ಔಟಾಗಿ ಬಂದರೆ ಹತ್ತಿರ ಓಡಬೇಡಿ, ಅವನು ಪ್ಯಾಡ್ ಬಿಚ್ಚಿ ಗೆಳೆಯರ ಜೊತೆ ಕೂರಲಿ. ಬೈಕಿನಲ್ಲಿ ಬರುವಾಗ ಆಟದ ಮಾತು ಎತ್ತಬೇಡಿ. ನಿಮ್ಮ ಮುಖ ಅವನಿಗೆ ಕಾಣಲ್ಲ, ಬರೀ ಬೆನ್ನು ಕಾಣುತ್ತದೆ, ಆ ಬೆನ್ನಿನ ಬಿಗಿಯನ್ನೂ ಮಕ್ಕಳು ಓದುತ್ತಾರೆ. ಉಣಕಲ್ ಹತ್ತಿರ ನಿಲ್ಲಿಸಿ ಗಿರ್ಮಿಟ್ ತಿನ್ನಿ. ಮರುದಿನ ಅವನಾಗೇ ಆಟದ ಮಾತು ತೆಗೆದರೆ ಕೇಳಿ. ತೆಗೆಯದಿದ್ದರೆ ಬಿಡಿ, ಅದಕ್ಕೆ ಕೋಚ್ ಇದ್ದಾರೆ.

ತಂಗಿ, ಒಂದೆರಡು ತಿಂಗಳು ನೋಡಿ. ವಾಂತಿ ನಿಲ್ಲದಿದ್ದರೆ, ನಿದ್ದೆ ಕೆಟ್ಟರೆ, ಶಾಲೆಗೂ ಹೋಗಲ್ಲ ಅಂದರೆ ಧಾರವಾಡದ ಡಿಮ್ಹಾನ್ಸ್ ಮಾನಸಿಕ ಆರೋಗ್ಯ ಆಸ್ಪತ್ರೆಯಲ್ಲಿ ತೋರಿಸಿ. ಅಷ್ಟು ದೂರ ಬೇಡ ಅನಿಸಿದರೆ ಮೊದಲು 14416ಕ್ಕೆ ಫೋನ್ ಮಾಡಿ. ಅದು ಸರಕಾರದ ಟೆಲಿ ಮಾನಸ್ ಸಹಾಯವಾಣಿ, ಕನ್ನಡದಲ್ಲೇ ಮಾತಾಡಬಹುದು, ಹಣ ಕೊಡಬೇಕಿಲ್ಲ. ಹುಚ್ಚು ಅಂತ ಯಾರೂ ಅನ್ನಲ್ಲ.

ಪ್ರಶ್ನೆ: ನನ್ನ ಮಗ ಎಡಗೈ ಸ್ಪಿನ್ನರ್. ಈಗ 15 ತುಂಬಿದೆ, ಆದರೆ ಮೈಕಟ್ಟು ಚಿಕ್ಕದು. ಜನನ ಪ್ರಮಾಣಪತ್ರದಲ್ಲಿ ಎರಡು ವರ್ಷ ಕಡಿಮೆ ಮಾಡಿಸಿ, ಎಲ್ಲರೂ ಮಾಡುತ್ತಾರೆ ಅಂತ ಗೊತ್ತಿದ್ದವರು ಹೇಳುತ್ತಿದ್ದಾರೆ. ಅವನ ಭವಿಷ್ಯದ ಪ್ರಶ್ನೆ. ಮಾಡಿಸಲೇ?
– ಒಬ್ಬ ತಂದೆ, ಬೆಟಗೇರಿ

ಉತ್ತರ: ಬೇಡ. ಖಂಡಿತ ಬೇಡ.

ಕಾನೂನಿನ ಮಾತು ಮೊದಲು ಮುಗಿಸುತ್ತೇನೆ. ಸುಳ್ಳು ದಾಖಲೆ ಮಾಡಿಸುವುದು ಅಪರಾಧ. 16 ವರ್ಷದೊಳಗಿನ ಹುಡುಗರಿಗೆ ಬಿಸಿಸಿಐ ಎಲುಬಿನ ಪರೀಕ್ಷೆ ಮಾಡಿಸುತ್ತದೆ. ಎಡಗೈ ಮಣಿಕಟ್ಟಿನ ಎಕ್ಸ್‌ರೇ ತೆಗೆದು, ಎಲುಬುಗಳು ಎಷ್ಟು ಬೆಳೆದಿವೆ, ಎಷ್ಟು ಕೂಡಿಕೊಂಡಿವೆ ಅಂತ ನೋಡಿ ವಯಸ್ಸು ಅಂದಾಜು ಮಾಡುತ್ತಾರೆ. ಹುಟ್ಟಿದ ತಾರೀಕಿನ ದಾಖಲೆ ತಿದ್ದಿದ್ದು ಸಿಕ್ಕರೆ ಎರಡು ವರ್ಷ ನಿಷೇಧ, 2020ರಿಂದ ಈ ನಿಯಮ ಇದೆ. ಎರಡು ವರ್ಷ ಉಳಿಸಲು ಹೋಗಿ ಎರಡು ವರ್ಷ ಕಳೆದುಕೊಳ್ಳುತ್ತೀರಿ.

ಅದಕ್ಕಿಂತ ದೊಡ್ಡ ಮಾತು ಇನ್ನೊಂದಿದೆ. ನಮ್ಮ ರಾಹುಲ್ ದ್ರಾವಿಡ್ 2015ರಲ್ಲಿ ಬಿಸಿಸಿಐನ ಪಟೌಡಿ ಉಪನ್ಯಾಸದಲ್ಲಿ ಇದನ್ನೇ ಎತ್ತಿಕೊಂಡು ಗಟ್ಟಿಯಾಗಿ ಮಾತಾಡಿದ್ದರು. ವಯಸ್ಸು ಮುಚ್ಚಿಟ್ಟ ಹುಡುಗ ಕಿರಿಯರ ಆಟದಲ್ಲಿ ಗೆಲ್ಲುವುದು ಪ್ರತಿಭೆಯಿಂದಲೇ ಅಂತ ಹೇಳಲಾಗದು, ಮೈ ದೊಡ್ಡದಿರುವುದರಿಂದ ಗೆಲ್ಲುತ್ತಾನೆ, ಪ್ರಾಮಾಣಿಕವಾಗಿ ಆಡುವ ಇನ್ನೊಬ್ಬ ಹುಡುಗನ ಜಾಗ ಹೋಗುತ್ತದೆ ಅಂತ ಅವರ ಮಾತಿನ ಸಾರ. ಆ ಇನ್ನೊಬ್ಬ ಹುಡುಗ ನವಲಗುಂದದವನೋ ಲಕ್ಷ್ಮೇಶ್ವರದವನೋ ಇರುತ್ತಾನೆ. ಅವನಿಗೂ ಒಬ್ಬ ಅಪ್ಪ ಇರುತ್ತಾನೆ.

ನಿಮ್ಮ ಮಗನ ಕಡೆಯಿಂದಲೂ ನೋಡಿ. ಇಂಥ ಒಬ್ಬ ಹುಡುಗ ನನ್ನ ಶಾಲೆಯಲ್ಲಿದ್ದ. ‘ನಿನ್ನ ಬರ್ತ್‌ಡೇ ಯಾವತ್ತಲೇ’ ಅಂತ ಗೆಳೆಯರು ಸುಮ್ನೆ ಕೇಳಿದರೂ ಅವನು ಒಂದು ಗಳಿಗೆ ಯೋಚನೆ ಮಾಡಿ ಹೇಳುತ್ತಿದ್ದ. ಯಾವ ತಾರೀಕು ಹೇಳಬೇಕು, ಮನೆಯದೋ ಕಾಗದದ್ದೋ? ತನ್ನ ಹುಟ್ಟುಹಬ್ಬಕ್ಕೇ ಹೆದರುವ ಹಾಗೆ ಮಗುವನ್ನು ಮಾಡಬೇಡಿ. ಅದೂ ಅಲ್ಲದೆ ಅವನು ಎಡಗೈ ಸ್ಪಿನ್ನರ್. ಸ್ಪಿನ್ನರಿಗೆ ಮೈಕಟ್ಟು ಚಿಕ್ಕದಿದ್ದರೆ ಏನು ಕೊರತೆ? ಬೆರಳು, ಮಣಿಕಟ್ಟು, ತಲೆ, ಇವು ಮೂರೂ ನಿಧಾನವಾಗಿ ಹಣ್ಣಾಗುತ್ತವೆ. ಕಾಯಿರಿ.

ಪ್ರಶ್ನೆ: ಮಗಳಿಗೆ 13 ವರ್ಷ, ಬ್ಯಾಡ್ಮಿಂಟನ್. ಬೆಳಿಗ್ಗೆ ಎರಡು ತಾಸು, ಸಂಜೆ ಎರಡೂವರೆ ತಾಸು, ವಾರಕ್ಕೆ ಏಳೂ ದಿನ. ತಿಂಗಳಿಂದ ಮಂಡಿ ನೋವು ಅನ್ನುತ್ತಿದ್ದಾಳೆ, ಮಂಡಿಯ ಕೆಳಗೆ ಸಣ್ಣ ಗಂಟಿನ ಹಾಗೆ ಕಾಣುತ್ತದೆ. ಮುಂದಿನ ವಾರ ಟೂರ್ನಿ ಇದೆ. ನೋವಿನ ಮಾತ್ರೆ ಕೊಟ್ಟು ಆಡಿಸಬಹುದೇ?
– ಒಬ್ಬ ತಾಯಿ, ಮಾಳಮಡ್ಡಿ, ಧಾರವಾಡ

ಉತ್ತರ: ಆಡಿಸಬೇಡಿ ತಾಯಿ. ಮೊದಲು ಎಲುಬಿನ ಡಾಕ್ಟರ್. ನೋಡದೆ ನಾನು ಇಂಥದ್ದೇ ಅಂತ ಹೇಳಲಾರೆ. ಆದರೆ ಈ ವಯಸ್ಸಿನಲ್ಲಿ ಮಂಡಿಯ ಕೆಳಗೆ ಗಂಟು, ಜಿಗಿದಾಗ ನೋವು ಅಂದರೆ ಡಾಕ್ಟರುಗಳು ಸಾಮಾನ್ಯವಾಗಿ ಅನುಮಾನ ಪಡುವುದು ಆಸ್‌ಗುಡ್ ಶ್ಲಾಟರ್ ಅನ್ನುವ ತೊಂದರೆಯನ್ನು. ಎತ್ತರ ಬೇಗ ಬೇಗ ಏರುವ ವಯಸ್ಸಿನಲ್ಲಿ ಎಲುಬಿನ ತುದಿಗಳಲ್ಲಿ ಇನ್ನೂ ಮೆತ್ತನೆಯ ಭಾಗ ಇರುತ್ತದೆ. ತೊಡೆಯ ಸ್ನಾಯು ಮಂಡಿಚಿಪ್ಪಿನ ಮೂಲಕ ಆ ಜಾಗವನ್ನು ಎಳೆಯುತ್ತಲೇ ಇರುತ್ತದೆ. ದಿನಕ್ಕೆ ನೂರಾರು ಸಲ ಜಿಗಿದರೆ ಅಲ್ಲಿ ಊತ ಬರುತ್ತದೆ. ವಿಶ್ರಾಂತಿ ಕೊಟ್ಟರೆ ಬಹಳಷ್ಟು ಮಕ್ಕಳಲ್ಲಿ ವಾಸಿಯಾಗುತ್ತದೆ. ಮಾತ್ರೆ ಕೊಟ್ಟರೆ ನೋವು ಸುಮ್ಮನಾಗುತ್ತದೆ, ಎಳೆತ ನಿಲ್ಲಲ್ಲ.

ನಿಮ್ಮ ಲೆಕ್ಕ ಕೂಡಿಸಿದೆ. ವಾರಕ್ಕೆ 31 ತಾಸಿನ ಮೇಲಾಯಿತು. ಮಕ್ಕಳ ಕ್ರೀಡಾ ವೈದ್ಯರು ಒಂದು ಸರಳ ಅಳತೆ ಹೇಳುತ್ತಾರೆ: ಮಗುವಿನ ವಯಸ್ಸು ಎಷ್ಟೋ ವಾರಕ್ಕೆ ಅಷ್ಟು ತಾಸಿಗಿಂತ ಜಾಸ್ತಿ ಆಟದ ತರಬೇತಿ ಬೇಡ. 13 ವರ್ಷಕ್ಕೆ 13 ತಾಸು. ನೀವು ಎರಡು ಪಟ್ಟು ದಾಟಿದ್ದೀರಿ. ಅಮೆರಿಕದ ಮಕ್ಕಳ ವೈದ್ಯರ ಸಂಘ ವಾರಕ್ಕೆ ಒಂದೆರಡು ದಿನ ಪೂರ್ತಿ ರಜೆ ಕೊಡಿ ಅನ್ನುತ್ತದೆ, ಒಂದೇ ಆಟಕ್ಕೆ ಕಟ್ಟಿಹಾಕುವುದನ್ನು 15–16 ವರ್ಷದವರೆಗೆ ಮುಂದೂಡಿ ಅಂತಲೂ ಹೇಳುತ್ತದೆ. ಇಂಗ್ಲೆಂಡಿನ ಕ್ರಿಕೆಟ್ ಮಂಡಳಿ 13ರೊಳಗಿನ ವೇಗದ ಬೌಲರಿಗೆ ಒಂದು ಸ್ಪೆಲ್‌ನಲ್ಲಿ, ಅಂದರೆ ಒಂದೇ ಸರದಿಯಲ್ಲಿ, 5 ಓವರು, ಇಡೀ ದಿನದಲ್ಲಿ 10 ಓವರು ಅಂತ ಗೆರೆ ಹಾಕಿದೆ. ಹೆಚ್ಚು ಆಡಿಸಿದಷ್ಟೂ ಒಳ್ಳೆಯದು ಅನ್ನುವ ನಮ್ಮ ನಂಬಿಕೆ ಎಲುಬಿಗೆ ಗೊತ್ತಿಲ್ಲ.

ಇದನ್ನು ನಾನು ಇಷ್ಟು ಗಟ್ಟಿಯಾಗಿ ಬರೆಯಲು ಕಾರಣವಿದೆ. ನನ್ನ ಮಗ 800 ಮೀಟರ್ ಓಡುತ್ತಿದ್ದ. ನಾನೇ ಕೋಚ್, ನಾನೇ ಸ್ಟಾಪ್‌ವಾಚ್. ಬೆಳಿಗ್ಗೆ ಐದಕ್ಕೆ ಆರ್.ಎನ್. ಶೆಟ್ಟಿ ಕ್ರೀಡಾಂಗಣದಲ್ಲಿ ಇರುತ್ತಿದ್ದೆವು. ವಿಭಾಗ ಮಟ್ಟದ ಕೂಟಕ್ಕೆ ಮೊದಲು ಅವನ ಓಟ ನಿಧಾನವಾಯಿತು. ಮೈಗಳ್ಳತನ ಅಂತ ಬೈದೆ. ಇನ್ನೆರಡು ಸುತ್ತು ಹೆಚ್ಚು ಓಡಿಸಿದೆ. ಕೊನೆಗೆ ಕುಂಟಲು ಶುರು ಮಾಡಿದಾಗ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ. ಮೊಣಕಾಲ ಕೆಳಗಿನ ಎಲುಬಿನಲ್ಲಿ ಬಿರುಕು ಬಂದಿತ್ತು. ‘ಎಷ್ಟು ದಿನದಿಂದ ನೋಯ್ತದಪಾ?’ ಅಂತ ಡಾಕ್ಟರ್ ಕೇಳಿದ್ದು ಅವನನ್ನು. ಅವನು ಉತ್ತರ ಹೇಳುವ ಮೊದಲು ನನ್ನ ಮುಖ ನೋಡಿದ. ಆಮೇಲೆ ಮೆಲ್ಲಗೆ ‘ಆರು ವಾರ’ ಅಂದ. ಆರು ವಾರ ಆ ಹುಡುಗ ಒಡೆದ ಎಲುಬಿನ ಮೇಲೆ ಓಡಿದ್ದ, ನನಗೆ ಹೇಳುವುದಕ್ಕಿಂತ ಅದೇ ಹಗುರ ಅನಿಸಿತ್ತು ಅವನಿಗೆ. ಎಲುಬು ಮೂರು ತಿಂಗಳಲ್ಲಿ ಕೂಡಿತು. ಅವನು ನೋವು ಅಂದರೆ ನನಗೆ ಹೇಳಬಹುದು ಅಂತ ಮತ್ತೆ ನಂಬಲು ವರ್ಷಗಳೇ ಬೇಕಾದವು. ಆ ನೋಟ ನನಗೆ ಇವತ್ತಿಗೂ ಮರೆತಿಲ್ಲ.

ನಿಮ್ಮ ಮಗಳು ಬಾಯಿಬಿಟ್ಟು ಹೇಳಿದ್ದಾಳೆ ತಾಯಿ. ಅದು ದೊಡ್ಡ ಭಾಗ್ಯ. ಈ ಸಲ ಟೂರ್ನಿ ಬಿಡಿಸಿ, ‘ಹೇಳಿದ್ದು ಒಳ್ಳೇದಾತು ನೋಡವ್ವಾ’ ಅನ್ನಿ.

ಪ್ರಶ್ನೆ: ಮಗನನ್ನು ಬೆಂಗಳೂರಿನ ಒಂದು ಅಕಾಡೆಮಿಗೆ ಸೇರಿಸಲು ಹೆಂಡತಿಯ ಬಂಗಾರ ಅಡವಿಟ್ಟಿದ್ದೇನೆ. ಅವನು ಮನಸ್ಸಿಟ್ಟು ಆಡುತ್ತಿಲ್ಲ. ಸಾಲದ ವಿಷಯ ಹೇಳಿದರೆ ಜವಾಬ್ದಾರಿ ಬರುತ್ತದೆಯೇ?
– ಗದಗ

ಉತ್ತರ: ಜವಾಬ್ದಾರಿ ಬರಲ್ಲ, ಭಾರ ಬರುತ್ತದೆ. ಅವನು ಬ್ಯಾಟ್ ಹಿಡಿದು ನಿಂತಾಗ ಬಾಲು ಕಾಣಬೇಕು, ಅವ್ವನ ಬಳೆ ಕಾಣಬಾರದು. ಮನೆಯ ಕಷ್ಟ ಮಕ್ಕಳಿಗೆ ಗೊತ್ತಿರಲಿ, ಅದು ಬೇರೆ. ‘ನಿನಗೋಸ್ಕರ ಇಷ್ಟು ಮಾಡೀವಿ’ ಅನ್ನುವ ಮಾತು ಬೇರೆ. ಸಾಲ ಮಾಡುವ ತೀರ್ಮಾನ ನಿಮ್ಮದು, ಅವನು ಕೇಳಿರಲಿಲ್ಲ. ಮುಂದಿನ ಕಂತು ಕಟ್ಟುವ ಮೊದಲು ಅವನನ್ನು ಊರಿಗೆ ಕರೆಸಿ, ಅಲ್ಲಿ ಇರಬೇಕು ಅನಿಸುತ್ತದಾ ಇಲ್ಲವಾ ಅಂತ ಕೇಳಿ. ‘ಇಲ್ಲ’ ಅಂದರೆ ಬೈಯಲ್ಲ ಅಂತ ಮೊದಲೇ ಹೇಳಿ ಕೇಳಿ. ಇಲ್ಲಿ ಆಡಿಯೂ ಮುಂದೆ ಹೋಗಬಹುದು. ಬಂಗಾರ ಬಿಡಿಸಿಕೊಳ್ಳಿ.

ಪ್ರಶ್ನೆ: ಮಾಸ್ತರ್ರೇ, ನಾನು ಒಂದು ಕಾಲಕ್ಕೆ ಕಬಡ್ಡಿ ಚೆನ್ನಾಗಿ ಆಡುತ್ತಿದ್ದೆ. ಅಪ್ಪ ತೀರಿಕೊಂಡ ಮೇಲೆ ಹೊಲ ನೋಡಬೇಕಾಗಿ ಬಂತು, ಆಟ ನಿಂತಿತು. ಮಗಳು 9ನೇ ಕ್ಲಾಸು. ಅವಳು ರೇಡಿಗೆ ಹೋಗುವುದು ನೋಡಿದರೆ ನನ್ನನ್ನೇ ನೋಡಿದ ಹಾಗೆ ಆಗುತ್ತದೆ. ಜಿಲ್ಲಾ ಮಟ್ಟ ಗೆದ್ದಳು. ಈಗ ಇದ್ದಕ್ಕಿದ್ದ ಹಾಗೆ ‘ನಾ ಇನ್ನ ಆಡೂದಿಲ್ಲ’ ಅನ್ನುತ್ತಾಳೆ. ಕಾರಣ ಹೇಳಲ್ಲ. ಎಂಟು ದಿನದಿಂದ ನಾನು ಅವಳ ಜೊತೆ ಮಾತಾಡಿಲ್ಲ. ಹೇಗೆ ಒಪ್ಪಿಸಲಿ?
– ಹಾವೇರಿ ಜಿಲ್ಲೆಯ ರೈತ

ಉತ್ತರ: ಅಣ್ಣಾರೆ, ಒಪ್ಪಿಸುವ ಮಾತು ಆಮೇಲೆ. ಮೊದಲು ಇವತ್ತೇ ಮಾತಾಡಿ. ಆಟದ ಮಾತು ಬೇಡ, ‘ಉಂಡ್ಯಾ ಅವ್ವಾ’ ಅಂತ ಕೇಳಿ, ಅಷ್ಟು ಸಾಕು. ಎಂಟು ದಿನ ಅವಳಿಗೆ ಎಷ್ಟು ಉದ್ದ ಆಗಿರಬೇಕು ಯೋಚನೆ ಮಾಡಿ.

ಗೆಲ್ಲುತ್ತಿದ್ದ ಹುಡುಗಿ ಇದ್ದಕ್ಕಿದ್ದ ಹಾಗೆ ಬಿಡುತ್ತೇನೆ ಅಂದರೆ, ಕಾರಣ ಹೇಳಲ್ಲ ಅಂದರೆ, ನಾನು ಮೊದಲು ಹೆದರುತ್ತೇನೆ. ಮೈದಾನದಲ್ಲೋ ಕ್ಯಾಂಪಿನಲ್ಲೋ ಯಾರಾದರೂ ಕೆಟ್ಟದಾಗಿ ನಡೆದುಕೊಂಡಿರಬಹುದು. ಸೀನಿಯರ್ ಹುಡುಗಿಯರು ಕಾಡುತ್ತಿರಬಹುದು. ಆಡುವ ಜಾಗದಲ್ಲಿ ಬಟ್ಟೆ ಬದಲಿಸಲು ಕೋಣೆ ಇಲ್ಲ, ಶೌಚಾಲಯ ಇಲ್ಲ, ಮುಟ್ಟಿನ ದಿನ ಏನು ಮಾಡಬೇಕು ಗೊತ್ತಾಗಲ್ಲ. ಇಂಥ ಕಾರಣಕ್ಕೆ ಆಟ ಬಿಟ್ಟ ಹುಡುಗಿಯರನ್ನು ನಾನು ಬಹಳ ನೋಡಿದ್ದೇನೆ, ಅವರಲ್ಲಿ ಒಬ್ಬರೂ ಅಪ್ಪನ ಮುಂದೆ ಹೇಳಿರಲಿಲ್ಲ. ಅವ್ವನೋ ಅತ್ತೆಯೋ ಅವಳು ನಂಬುವ ಟೀಚರೋ ಒಬ್ಬಳನ್ನೇ ಕೂರಿಸಿಕೊಂಡು ಕೇಳಲಿ. ಅವಸರ ಬೇಡ. ಏನಾದರೂ ಕೆಟ್ಟದ್ದು ನಡೆದಿದ್ದರೆ ಊರ ಮರ್ಯಾದೆ ಅಂತ ಮುಚ್ಚಬೇಡಿ, 1098ಕ್ಕೆ ಫೋನ್ ಮಾಡಿ. ಅದು ಮಕ್ಕಳ ಸಹಾಯವಾಣಿ, ಹಗಲು ರಾತ್ರಿ ಇರುತ್ತದೆ.

ಅಂಥದ್ದೇನೂ ಇಲ್ಲ, ಸುಮ್ನೆ ಸಾಕಾಗಿದೆ ಅಂದರೆ? ಆಗ ಅವಳ ಮಾತು ನಡೆಯಲಿ. ಟೀಮಿಗೆ ಹೆಸರು ಕೊಟ್ಟ ಕೂಟ ಒಂದಿದ್ದರೆ ಅದೊಂದು ಆಡಿ ಮುಗಿಸು, ಉಳಿದ ಆರು ಹುಡುಗಿಯರು ನಿನ್ನ ನಂಬಿ ಇದ್ದಾರೆ ಅಂತ ಕೇಳಬಹುದು. ಅದು ನ್ಯಾಯ. ಅದರ ಮೇಲೆ ಬೇಡ. ಬಿಟ್ಟ ಮಕ್ಕಳು ಆರು ತಿಂಗಳಿಗೆ ತಾವಾಗೇ ತಿರುಗಿ ಬಂದದ್ದೂ ಇದೆ, ಬರದೆ ಇದ್ದದ್ದೂ ಇದೆ. ಎರಡೂ ಸರಿ.

ನಿಮ್ಮ ಪತ್ರದಲ್ಲಿ ನನ್ನನ್ನು ಕಾಡಿದ್ದು ಇನ್ನೊಂದು ಸಾಲು, ‘ನನ್ನನ್ನೇ ನೋಡಿದ ಹಾಗೆ’ ಅಂದದ್ದು. ಹೊಲಕ್ಕಾಗಿ ಆಟ ಬಿಟ್ಟ ಹುಡುಗನ ನೋವು ನನಗೆ ಅರ್ಥವಾಗುತ್ತದೆ. ಅದು ಸಣ್ಣ ನೋವಲ್ಲ, ಅದಕ್ಕೆ ಯಾರೂ ನಿಮಗೆ ಸಮಾಧಾನ ಹೇಳಿರಲಿಕ್ಕಿಲ್ಲ. ಆದರೆ ಆ ಹಸಿವು ನಿಮ್ಮದು, ಅವಳು ಉಂಡರೆ ನಿಮ್ಮ ಹೊಟ್ಟೆ ತುಂಬಲ್ಲ. ನಿಮ್ಮೂರಲ್ಲಿ ಸಂಜೆ ಹೊತ್ತು ಸುಮ್ನೆ ಕೂತ ಹುಡುಗರು ಇರುತ್ತಾರೆ. ಮೆಣಸಿನಕಾಯಿ ಕೊಯ್ಲು ಮುಗಿದ ಮೇಲೆ ಹೊಲದ ಒಂದು ಮೂಲೆ ಹಸನು ಮಾಡಿ ಗೆರೆ ಹಾಕಿ. ಬೋನಸ್ ಗೆರೆ ಹೇಗೆ ಮುಟ್ಟಬೇಕು, ಪಾದ ಹಿಡಿದವನಿಂದ ಹೇಗೆ ಬಿಡಿಸಿಕೊಳ್ಳಬೇಕು, ನಿಮಗೆ ಗೊತ್ತಿದ್ದದ್ದನ್ನು ಕಲಿಸಿ. ರೆಫ್ರಿ ಆಗಲು ಕಲಿಯಿರಿ, ನಮ್ಮ ಕಡೆ ಜಾತ್ರೆಯ ಪಂದ್ಯಗಳಿಗೆ ಒಳ್ಳೆಯ ರೆಫ್ರಿ ಸಿಗುವುದೇ ಕಷ್ಟ. ಮಗಳು ಗೆರೆಯ ಹೊರಗೆ ನಿಂತು ನಿಮ್ಮ ಆಟ ನೋಡಲಿ. ಇಲ್ಲಿವರೆಗೆ ಅವಳಿಗೆ ಆ ಅವಕಾಶ ಸಿಕ್ಕಿಲ್ಲ.

ಪ್ರಶ್ನೆ: ಸರ್, ನನಗೆ 15 ವರ್ಷ. ಶಾಲೆಯ ವಾಲಿಬಾಲ್ ಟೀಮಿನಲ್ಲಿ ಇದ್ದೇನೆ. ಅಪ್ಪ ಬಸ್ ಡ್ರೈವರ್. ಡ್ಯೂಟಿ ಬದಲಾಯಿಸಿಕೊಂಡು ನನ್ನ ಎಲ್ಲಾ ಮ್ಯಾಚಿಗೂ ಬರುತ್ತಾರೆ. ಬಹಳ ಕೂಗುತ್ತಾರೆ. ಹೋದ ಸಲ ರೆಫ್ರಿ ಜೊತೆ ಜಗಳ ಆಡಿದರು, ನನಗೆ ನಾಚಿಕೆ ಆಯಿತು. ಸರ್ವಿಸ್ ಮಾಡುವ ಮೊದಲು ನಾನು ಅವರ ಮುಖ ನೋಡುತ್ತೇನೆ, ಆಮೇಲೆ ಬಾಲು ನೆಟ್ಟಿಗೆ ಹೋಗುತ್ತದೆ. ಬರಬೇಡಿ ಅಂತ ಹೇಗೆ ಹೇಳಲಿ? ಅವರಿಗೆ ಬೇಜಾರಾಗುತ್ತದೆ.
– ಅಣ್ಣಿಗೇರಿ

ಉತ್ತರ: ತಮ್ಮಾ, ಅಪ್ಪನಿಗೆ ಬೇಜಾರಾಗುತ್ತದೆ ಅಂತ ನೀನು ಯೋಚಿಸಿದ್ದೀಯಲ್ಲ, ಒಳ್ಳೆಯ ಹುಡುಗ ನೀನು. ನಾಚಿಕೆ ಆದದ್ದು ತಪ್ಪಲ್ಲ. ಅಪ್ಪನ ಮೇಲೆ ಪ್ರೀತಿಯೂ ಇರಬಹುದು, ಅವರು ಮಾಡಿದ್ದಕ್ಕೆ ನಾಚಿಕೆಯೂ ಆಗಬಹುದು. ಎರಡೂ ಒಟ್ಟಿಗೇ ಇರುತ್ತವೆ.

ಇದು ನಿನ್ನೊಬ್ಬನ ಕಥೆಯೂ ಅಲ್ಲ. ಟೆನಿಸ್‌ನಲ್ಲಿ ಮೇರಿ ಪಿಯರ್ಸ್ ಅಂತ ದೊಡ್ಡ ಆಟಗಾರ್ತಿ ಇದ್ದರು. ಅವರ ತಂದೆ ಗ್ಯಾಲರಿಯಲ್ಲಿ ಎಷ್ಟು ಕೂಗಾಡುತ್ತಿದ್ದರು ಅಂದರೆ 1993ರಲ್ಲಿ ಮಹಿಳಾ ಟೆನಿಸ್ ಸಂಘ ಅವರನ್ನು ಟೂರ್ನಿಗಳಿಗೇ ಬರದಂತೆ ನಿಷೇಧಿಸಿತು. ಮೇರಿ 1995ರಲ್ಲಿ ಆಸ್ಟ್ರೇಲಿಯನ್ ಓಪನ್, 2000ರಲ್ಲಿ ಫ್ರೆಂಚ್ ಓಪನ್ ಗೆದ್ದರು. ಅಪ್ಪ ಹೊರಗಿದ್ದದ್ದಕ್ಕೇ ಗೆದ್ದರು ಅಂತ ನಾನು ಹೇಳಲ್ಲ. ಜಗತ್ತಿನ ಅಷ್ಟು ದೊಡ್ಡ ಆಟದಲ್ಲೂ ಈ ತೊಂದರೆ ಇದೆ ಅಂತ ನಿನಗೆ ಗೊತ್ತಿರಲಿ ಅಂತ ಹೇಳಿದೆ.

ನಿನ್ನ ಅಪ್ಪ ಹಾಗೇನಲ್ಲ, ಅವರಿಗೆ ಹೇಳಿದರೆ ತಿಳಿಯುತ್ತದೆ ಅಂತ ನನಗೆ ಅನಿಸುತ್ತದೆ. ಎದುರಿಗೆ ಹೇಳಲು ಆಗದಿದ್ದರೆ ಬರೆದು ಕೊಡು. ಹೀಗೆ ಬರೆ: ‘ಅಪ್ಪಾ, ನೀವು ಡ್ಯೂಟಿ ಬದಲಿ ಮಾಡಿಕೊಂಡು ಬರ್ತೀರಿ, ನನಗ ಗೊತ್ತೈತಿ. ನೀವು ಬರೂದು ನನಗ ಬೇಕು. ಆದ್ರ ನೀವು ಕೂಗಿದ್ರ ನನ್ನ ಕೈ ನಡಗ್ತಾವ. ಮುಂದಿನ ಮ್ಯಾಚಿಗೆ ಒಂದ ಸಲ ಬರಬ್ಯಾಡ್ರಿ. ಅದರ ಮುಂದಿನದಕ್ಕ ಬರ್ರಿ, ಬಂದು ಸುಮ್ನ ಕೂತು ನೋಡ್ರಿ. ಸೋತ್ರೂ ನಿಮ್ಮ ಜೋಡಿನ ಮನಿಗೆ ಬರ್ತೀನಿ.’ ಕೊನೆಯ ಸಾಲು ಬಿಡಬೇಡ. ಚೀಟಿಯನ್ನು ಅವರ ಊಟದ ಡಬ್ಬಿ ಚೀಲದಲ್ಲಿ ಇಡು. ಡ್ಯೂಟಿ ಮೇಲೆ ಒಬ್ಬರೇ ಇದ್ದಾಗ ಓದಿಕೊಳ್ಳಲಿ. ಅವ್ವನಿಗೆ ಮೊದಲೇ ಹೇಳಿರು. ರಾತ್ರಿ ಅಪ್ಪ ಸಿಟ್ಟಿನಲ್ಲಿ ಬಂದರೆ ಅವರು ನೋಡಿಕೊಳ್ಳುತ್ತಾರೆ.

ಇನ್ನು ಸರ್ವಿಸ್. ಸೀಟಿ ಊದಿದ ಮೇಲೆ ಸರ್ವಿಸ್ ಮಾಡಲು 8 ಸೆಕೆಂಡು ಇರುತ್ತದೆ, ನೀನು ಅವಸರ ಮಾಡುತ್ತಿದ್ದೀಯ ಅಂತ ಕಾಣುತ್ತದೆ. ಬಾಲನ್ನು ಎರಡು ಸಲ ನೆಲಕ್ಕೆ ಪುಟಿಸು. ಉಸಿರು ಪೂರ್ತಿ ಬಿಡು. ಎದುರು ಕೋರ್ಟಿನಲ್ಲಿ ಬಾಲು ಎಲ್ಲಿ ಬೀಳಬೇಕೋ ಆ ಜಾಗ ನೋಡು, ಆಮೇಲೆ ಹೊಡೆ. ಅಪ್ಪ ಕೂತ ಕಡೆ ಮ್ಯಾಚ್ ಮುಗಿದ ಮೇಲೆ ನೋಡುವಿಯಂತೆ. ಚೀಟಿ ಓದಿ ಅವರು ಏನಂದರು ಅಂತ ನನಗೆ ಬರೆ, ಕಾಯುತ್ತಿರುತ್ತೇನೆ.